ಆರುವ ವೇಗ

ಉದ್ಯಮಬಾಗದ ಎರಡನೇ ಪಾಳಿ. ಕುಲುಮೆಯ ಬಾಯಿ ಮುಚ್ಚಿ
ದಾವಲಸಾಬ ಬೆವರು ಒರೆಸಿಕೊಳ್ಳುತ್ತಾನೆ:
"ಉಕ್ಕಿಗೆ ಅವಸರ ಮಾಡಬಾರದ್ರಿ ಬಾಯಾರ,
ಮ್ಯಾಲೆ ನಗತೈತಿ, ಒಳಗೊಳಗ ಸೀಳತೈತಿ."

ನನ್ನ ಕೆಲಸ ಆ ಒಳಗನ್ನು ನೋಡುವುದು.
ಪಂಪಿನ ಮೈಯಿಂದ ರೂಪಾಯಿಯಷ್ಟು ತುಂಡು ಕೊಯ್ದು
ಕನ್ನಡಿಯಾಗುವ ತನಕ ಉಜ್ಜಿ, ಆಮ್ಲ ಸವರಿ,
ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರೆ
ಹೊಲಗಳು. ಬದುಗಳು.
ಒಂದೊಂದು ಹರಳೂ ತನ್ನ ದಿಕ್ಕು ತಾನೇ ಹಿಡಿದದ್ದು,
ನೆರೆಯವನನ್ನು ಕೇಳಲು ಪುರಸೊತ್ತಿಲ್ಲದೆ.

ಶನಿವಾರ ತ್ರಿಶಲಾ ಚೌಗಲಾ ಬಂದಳು,
ಟಿಳಕವಾಡಿಯಿಂದ ಸ್ಕೂಟರಿನ ಮೇಲೆ,
ಟಿಫಿನ್ ಡಬ್ಬಿಯಲ್ಲಿ ಹತ್ತಿ ಸುತ್ತಿದ ಶೀಶೆ.
"ನಿಮ್ಮ ಸೂಕ್ಷ್ಮದರ್ಶಕ ಒಂದು ತಾಸು ಕೊಡ.
ಕಾಲೇಜಿನದರ ವೈರು ಇಲಿ ಕಡದಾವ."
ಏನು ನೋಡಲಿಕ್ಕೆ?
"ಜಗತ್ತು ಆರಿದ್ದು," ಅಂದಳು, ಚಪ್ಪಲಿ ಬಿಡುತ್ತ.

ಗಾಜಿನ ಮೇಲೆ ಒಂದು ತೊಟ್ಟು,
ಕ್ಯಾಲ್ಕುಲೇಟರಿನ ಅಂಕಿಯೊಳಗೆ ಇರುವಂಥದೇ ದ್ರವ.
ಕಾಯಿಸಿದಳು. ಪೂರಾ ಕಪ್ಪು.
ಎಲ್ಲ ದಿಕ್ಕೂ ಒಂದೇ ಆದಲ್ಲಿ ದಿಕ್ಕೇ ಇಲ್ಲ.
ಶಾಖ ಇಳಿಸಿದಳು:
ಕತ್ತಲಲ್ಲಿ ಒಂದು ಬಣ್ಣದ ಗುಳ್ಳೆ. ಎರಡು.
ಆಮೇಲೆ ಲೆಕ್ಕ ತಪ್ಪಿತು.
ಬೆಳೆದವು, ತಾಗಿದವು, ಕೂಡಿಕೊಂಡವು;
ಹೊಂದದ ಕಡೆ ನಡುಗುವ ಎಳೆ ಉಳಿಯಿತು.

"ಅಲ್ಲೂ ಇಂಥ ಎಳೆ ಬಿದ್ದಿರಬಹುದು. ಯಾರೂ ಕಂಡಿಲ್ಲ.
ಆ ಕುಲುಮಿ ಮತ್ತೊಮ್ಮೆ ಹೊತ್ತಿಸಾಕ ಬರೂದಿಲ್ಲ.
ಬಿಸಿ ಬ್ಯಾರೆ, ನಿಯಮ ಒಂದೇ ಇದ್ದೀತು. ಎಣಸು."

ಎರಕದ ರಿಜಿಸ್ಟರಿನ ಹಿಂಬದಿಯಲ್ಲಿ ಗೀಟು ಹಾಕಿದೆವು.
ತಟ್ಟನೆ ಆರಿಸಿದರೆ ಅರವತ್ತೊಂದು,
ತಡೆದು ಆರಿಸಿದರೆ ಹತ್ತೊಂಬತ್ತು.
ಮೂರನೇ ಸಲ ಒಂದು ಎಳೆ ಜಾಗ ಬಿಟ್ಟು ಕದಲಲೇ ಇಲ್ಲ:
ನನ್ನ ಕೂದಲು.

ದಾವಲಸಾಬನೂ ಬಗ್ಗಿ ನೋಡಿದ, ಬಹಳ ಹೊತ್ತು,
ಕೈಗವಸು ಬೆನ್ನ ಹಿಂದೆ ಹಿಡಿದು.
"ಹಂಗಾರ ಅದನ್ನ ಎರಕ ಹೊಯ್ದಾವ
ಅವಸರ ಮಾಡಿದ್ನೇನ್ರಿ?"
ತ್ರಿಶಲಾ ನಗಲಿಲ್ಲ.
"ಅದನ್ನೇ ಕೇಳಾಕತ್ತೇವಿ," ಅಂದಳು.

ಗಾಜಿನ ಮೇಲೆ ಒಂದು ಎಳೆ ಉಂಗುರವಾಯಿತು,
ಕುಗ್ಗಿತು, ಚುಕ್ಕೆಯಾಯಿತು, ಹೋಯಿತು.
ಮೇಲಿನ ಉಂಗುರಗಳು ಹೋಗುವಾಗ
ಜಾಗವೇ ಸಣ್ಣಗೆ ಅದುರುತ್ತದಂತೆ, ಇದ್ದರೆ;
ಆ ಅದುರಿಗೆ ಕಿವಿ ಕಟ್ಟುತ್ತಿದ್ದಾರಂತೆ, ಎಲ್ಲೆಲ್ಲೋ.

ಶೀಶೆ ಮತ್ತೆ ಡಬ್ಬಿಗೆ. ಸ್ಕೂಟರು ಎರಡು ಒದೆತಕ್ಕೆ ಏಳಲಿಲ್ಲ.
ಹೊರಗೆ ಮರಳಿನಲ್ಲಿ ಇವತ್ತಿನ ಪಂಪುಗಳು
ಟಿಕ್, ಟಿಕ್ ಎನ್ನುತ್ತ ಆರುತ್ತಿದ್ದವು.
ಬೆಳಗಿನ ತನಕ ಯಾರೂ ಮುಟ್ಟುವಂತಿಲ್ಲ.