ಸೊನ್ನೆ ಸಲ

ಒಂಬತ್ತನೆಯ ಅಧ್ಯಾಯ, ಕೀಲಿಮಣೆಯ ಮ್ಯಾಕ್ರೋಗಳು.
ತಾರ್ತುವಿನಲ್ಲಿ ಫೆಬ್ರವರಿ, ಐದಕ್ಕೆಲ್ಲ ಕತ್ತಲು.
ಹೀಟರಿನ ಮೇಲೆ ಕೈಗವಸು ಒಣಗಲು ಹಾಕಿ
ಬರೆಯುತ್ತೇನೆ:
"ಎಫ್ ಮೂರು ಒತ್ತಿದರೆ ಎಡಿಟರು ಕಿವಿಗೊಡುತ್ತದೆ.
ಎಫ್ ನಾಲ್ಕು ಒತ್ತುವ ತನಕ
ನೀವು ಒತ್ತಿದ್ದೆಲ್ಲ ಅದಕ್ಕೆ ಬಾಯಿಪಾಠ."

ಬಾಯೆಲ್ಲಿದೆ ಅದಕ್ಕೆ? ಹೊಡೆದು ಹಾಕಿ
"ನೆನಪಿರುತ್ತದೆ" ಎಂದು ತಿದ್ದಿದೆ.
ನೆನಪೂ ಅಲ್ಲ. ನೆನಪಾದರೆ ಬೇಡದ್ದನ್ನು ಬಿಡುತ್ತದೆ.
ಇದು, ತಪ್ಪಿ ಒತ್ತಿದ್ದು, ಅಳಿಸಿದ್ದು,
ಮತ್ತೆ ಅದನ್ನೇ ತಪ್ಪಿ ಒತ್ತಿದ್ದು,
ಎಲ್ಲವನ್ನೂ ಒಂದೇ ಶ್ರದ್ಧೆಯಿಂದ ಒಪ್ಪಿಸುತ್ತದೆ.
ಏನು ಮಾಡಹೊರಟಿದ್ದಿರಿ ಎಂಬುದು ಅದಕ್ಕೆ ಬೇಕಿಲ್ಲ.
ಕೊನೆಗೆ "ದಾಖಲಾಗುತ್ತದೆ" ಎಂದು ಬರೆದು
ಚಹಾಕ್ಕೆ ನೀರಿಟ್ಟೆ.

ಉದಾಹರಣೆಗೆಂದು ವಿಲ್ಲು ತನ್ನದೊಂದು ಮ್ಯಾಕ್ರೋ ಕೊಟ್ಟಿದ್ದ.
ಈ ಭಾಗದ ಕೋಡೂ ಅವನದೇ,
ಬಲ ಮಣಿಕಟ್ಟು ಕೈಕೊಟ್ಟ ವರ್ಷ ಬರೆದದ್ದು.
ಕಡತದಲ್ಲಿ ಎಮಯೊಗಿ ನದಿಯ ಮಂಜುಗಡ್ಡೆ ಒಡೆದ ದಿನಗಳು,
ವರ್ಷಕ್ಕೊಂದು ಸಾಲು, ನಡುವೆ ಒಂದು ಖಾಲಿ ಸಾಲು.
ಅಪ್ಪ ಶುರುಮಾಡಿದ ಪಟ್ಟಿಯಂತೆ.
ಅಪ್ಪನಿಗೆ ಪೂರ್ಣವಿರಾಮದ ಅಭ್ಯಾಸವಿರಲಿಲ್ಲ.

ಮ್ಯಾಕ್ರೋ ಇಷ್ಟೇ:
ಸಾಲಿನ ತುದಿಗೆ ಹೋಗು. ಚುಕ್ಕಿ ಇಡು.
ಒಂದು ಸಾಲು ಕೆಳಗಿಳಿ. ಒಂದು ಸಾಲು ಮೇಲೆ ಬಾ.
ಮುಂದಿನ ಪ್ಯಾರಾಕ್ಕೆ ಜಿಗಿ.

ಇಳಿದು ಹತ್ತುವುದು ಯಾಕೆ?
ಬೀಗ ಹಾಕಿ ಎರಡು ಹೆಜ್ಜೆ ಹೋದವರು
ಮರಳಿ ಬಂದು ಎಳೆದು ನೋಡುವ ಹಾಗೆ
ಕೈಯ ಚಾಳಿ, ಅಂದುಕೊಂಡೆ.
ಕೈಪಿಡಿಯಲ್ಲಿ ಚಾಳಿಗೆ ಜಾಗವಿಲ್ಲ.
ಎರಡೂ ಕೀಲಿ ಕಿತ್ತು ಹಾಕಿದೆ.

ಇನ್ನು ಎಷ್ಟು ಸಲ ಎಂಬ ಲೆಕ್ಕ.
ಐದು ಎಂದರೆ ಐದು. ನಲವತ್ತು ಎಂದರೆ ನಲವತ್ತು.
ಸೊನ್ನೆ ಎಂದರೆ
(ಇದೊಂದಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು)
ಒಂದು ಸಲವೂ ಬೇಡ ಎಂದಲ್ಲ,
ತಪ್ಪಾಗುವ ತನಕ ಎಂದು.
ಎಲ್ಲೋ ಒಂದು ಕಡೆ, ಇನ್ನಾಗದು ಎಂದು
ಗಂಟೆ ಬಾರಿಸುವ ತನಕ
ಮಾಡುತ್ತಲೇ ಇರು ಎಂದು.

ಸೊನ್ನೆ ಕೊಟ್ಟು ಒತ್ತಿದೆ.
ವರ್ಷಗಳು ಸರಸರನೆ ಚುಕ್ಕಿ ಇಡಿಸಿಕೊಂಡು
ಮೇಲೆ ಸರಿದು ಹೋದವು.
ಗಂಟೆ ಬಾರಿಸಲಿಲ್ಲ.
ಕೊನೆಯಲ್ಲಿ ಈ ವರ್ಷ, ದಿನಾಂಕವೇ ಇಲ್ಲದ ಸಾಲು,
ನದಿ ಇನ್ನೂ ಗಟ್ಟಿಯಾಗಿದೆ,
ಅದರ ಮೇಲೆ ಚುಕ್ಕಿ, ಚುಕ್ಕಿ,
ಪರದೆಯ ಅಂಚಿಗೆ ಹೋಗಿ ಮಡಚಿ ಮತ್ತೆ ಚುಕ್ಕಿ,
ಬೀದಿದೀಪದ ಕೆಳಗೆ ಬೀಳುತ್ತಿದ್ದ ಹಿಮಕ್ಕಾದರೂ
ನಡುನಡುವೆ ಗಾಳಿ ಅಡ್ಡ ಬರುತ್ತಿತ್ತು.
ನಿಲ್ಲಿಸುವ ಕೀಲಿ ಯಾವುದೆಂದು
ನಾನೇ ಬರೆದ ಪುಟಗಳಲ್ಲಿ ನಾನೇ ತಡಕಾಡಿದೆ.

ಮರುದಿನ ವಿಲ್ಲು ಬಂದ, ಮಣಿಕಟ್ಟಿಗೆ ಪಟ್ಟಿ ಬಿಗಿದು.
ನೋಡಿ, ಕೆಮ್ಮು ಬರುವಷ್ಟು ನಕ್ಕ.
"ಪ್ಯಾರಾ ಜಿಗಿತಕ್ಕೆ ನಾಚಿಕೆಯಿಲ್ಲ, ಲೇಲೊ.
ಮುಂದೆ ಏನೂ ಇಲ್ಲದಿದ್ದರೂ
ನಿಂತಲ್ಲೇ ನಿಂತು, ಜಿಗಿದೆ ಅನ್ನುತ್ತದೆ.
ಕೆಳಗಿಳಿಯುವ ಕೀಲಿ ಹಾಗಲ್ಲ,
ಕಾಲಿಡಲು ಸಾಲಿಲ್ಲದಿದ್ದರೆ ಕೂಗಿಕೊಳ್ಳುತ್ತದೆ.
ಆ ಕೂಗು ಬೇಕಿತ್ತು ನನಗೆ.
ಇಳಿದ ಮೇಲೆ ಹತ್ತಲೇಬೇಕಲ್ಲ."
ಹೋಗುವಾಗ ಅವನು ನದಿಯ ಮೇಲೆ ಹಾಯಲಿಲ್ಲ,
ಸುತ್ತಾದರೂ ಸೇತುವೆಯನ್ನೇ ಹಿಡಿದ.

ಎಫ್ ಮೂರು ಒತ್ತಿ
ಮ್ಯಾಕ್ರೋವನ್ನು ಮೊದಲಿಂದ ಹೇಳಿಕೊಟ್ಟೆ, ಎರಡು ಕೀಲಿ ಸಮೇತ.
ಅಡಿಯಲ್ಲಿ ಟಿಪ್ಪಣಿ:
"ಮೂರನೆಯದೂ ನಾಲ್ಕನೆಯದೂ
ಒಂದನ್ನೊಂದು ಅಳಿಸುವಂತೆ ಕಾಣುತ್ತವೆ. ತೆಗೆಯಬೇಡಿ."
ಯಾಕೆಂದು ವಿವರಿಸುವ ಪ್ಯಾರಾವನ್ನು
ಮೂರು ಸಲ ಬರೆದು ಮೂರು ಸಲ ಅಳಿಸಿದೆ.
ನಾಲ್ಕನೆಯ ಸಲ ಬರೆಯುವಾಗ
ಪರದೆಯ ಮೂಲೆಯಲ್ಲಿ ಆ ಕೆಂಪು ಗುರುತು ಕಂಡಿತು.
ಎಫ್ ನಾಲ್ಕು ಒತ್ತಲು ಮರೆತಿದ್ದೆ.

ಬರೆದದ್ದು, ಅಳಿಸಿದ್ದು, ಚಹಾಕ್ಕೆ ಎದ್ದಾಗ ಮೊಣಕೈ ತಗುಲಿದ್ದು,
ಎಲ್ಲ ಒಳಗಿದೆ ಈಗ.
ಹೆಸರಿಟ್ಟರೆ ಉಳಿಯುತ್ತದೆ,
ಇಡದಿದ್ದರೆ ಎಡಿಟರು ಮುಚ್ಚಿದೊಡನೆ ಹೋಗುತ್ತದೆ.
ಅದು ಹತ್ತನೆಯ ಅಧ್ಯಾಯ, ಇನ್ನೂ ಬರೆದಿಲ್ಲ.