ತೆಳ್ಳಗಿನ ಗಾಜು

ಇಂಜಿನಿಯರ್ ರುಕಿಯಾ ಮೇಡಂ ಅಂಗಡಿಗೆ ಬಂದು
ಇಪ್ಪತ್ತೆರಡು ತುಂಡು ಗಾಜು ಕೇಳಿದರು.
ಮೂರು ಬೆರಳುದ್ದ, ಒಂದು ಬೆರಳಗಲ.
ಐದು ಎಂಎಂ ಇದೆ ಮೇಡಂ, ಗಟ್ಟಿ ಮಾಲು, ಅಂದೆ.
ಬೇಡ ಧರಣೇಂದ್ರಯ್ಯ,
ಇರುವುದರಲ್ಲೇ ತೆಳ್ಳಗಿನದು ಕೊಡಿ,
ಮೊದಲು ಒಡೆಯುವಂಥದ್ದು.

ಮೂವತ್ತೊಂದು ವರ್ಷ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಫ್ರೇಮು ಕಟ್ಟಿದ್ದೇನೆ.
ಮದುವೆಗೆ, ಮರಣಕ್ಕೆ, ಎಸ್ಸೆಲ್ಸಿ ಫಸ್ಟ್ ಕ್ಲಾಸಿಗೆ,
ಗೊಮ್ಮಟನಿಗೆ, ಹಾಸನಾಂಬೆಗೆ, ಕಾಬಾದ ಚಿತ್ರಕ್ಕೆ.
ಒಡೆಯಲಿ ಎಂದು ಗಾಜು ಕೊಂಡವರು
ಇವರೊಬ್ಬರೇ.

ಆ ಬೆಳಗಿನ ಜಾವ ಅಟ್ಟದ ಮೇಲೆ ಮಲಗಿದ್ದೆ.
ನಾಯಿಗಳಿಗೆ ಮೊದಲೇ ಗೊತ್ತಾಗುತ್ತದಂತೆ.
ನಮ್ಮ ಬೀದಿಯವಕ್ಕೆ ಗೊತ್ತಾಗಲಿಲ್ಲ.
ಕೆಳಗೆ ಕತ್ತಲಲ್ಲಿ
ಒರಗಿಸಿಟ್ಟ ಗಾಜಿನ ಹಾಳೆಗಳೆಲ್ಲ
ಜ್ವರ ಬಂದವರ ಹಲ್ಲಿನ ಹಾಗೆ ಒಂದಕ್ಕೊಂದು ತಾಗಿದವು.
ಬಿ.ಎಂ. ರಸ್ತೆಯಲ್ಲಿ ಲಾರಿ ಹೋದರೆ ಬರುವ ನಡುಕ ನನಗೆ ಗೊತ್ತು,
ಅದು ರಸ್ತೆಯ ಕಡೆಯಿಂದ ಬರುತ್ತದೆ.
ಇದು ಯಾವ ಕಡೆಯಿಂದಲೂ ಬರಲಿಲ್ಲ.
ನಾಲ್ಕೆಣಿಸುವಷ್ಟು ಹೊತ್ತು. ಎಣಿಸಲಿಲ್ಲ.

ಬೀದಿಗೆ ಓಡಿ ಬಂದೆವು. ಬೀದಿ ಎಂದರೆ
ಎರಡು ಬೈಕು ಎದುರಾದರೆ ಒಂದು ನಿಲ್ಲಬೇಕು.
ಆಚೆಗೂ ಈಚೆಗೂ ಮೂರಂತಸ್ತು,
ಅದರ ನೆತ್ತಿಯ ಮೇಲೆ ನೀರಿನ ಟ್ಯಾಂಕು.
ಮನೆಯಿಂದ ಹೊರಗೆ ಬಂದು
ನಾವು ನಿಂತದ್ದು ಮನೆಗಳ ಕೆಳಗೇ.
ಎಲ್ಲರೂ ತಲೆಯೆತ್ತಿ ಟ್ಯಾಂಕು ನೋಡುತ್ತಿದ್ದರು.
ಆಲೂರು ಕಡೆಯ ಹುಡುಗನೊಬ್ಬ, ಆನೆ ಬಂತಾ, ಅಂದ.
ಯಾರೋ ನಕ್ಕರು. ಬೇಗ ಮುಗಿಯಿತು ನಗು.

ಟಿವಿಯವರು ಒಂದು ಅಂಕಿ ಹೇಳಿದರು,
ಒಂದು ಇಡ್ಲಿಯ ರೇಟಿಗಿಂತ ಚಿಕ್ಕದು, ಅದರಲ್ಲೂ ಒಂದು ಚುಕ್ಕೆ.
ಆತಂಕ ಬೇಡ ಎಂದರು ದೊಡ್ಡವರು.
ಮೇಡಂ ಅಂಕಿಯ ಮಾತಾಡಲಿಲ್ಲ.
ಸೊಪ್ಪಿನಕಟ್ಟೆ ಬಡಾವಣೆಯ ಕೆಳಗಿನ ಮಣ್ಣು
ಎಲ್ಲಿಂದ ಬಂತು, ಎಂದು ಕೇಳಿದರು.

ನನಗೆ ಗೊತ್ತಿತ್ತು. ಎಮ್ಮೆ ಮೈ ತೊಳೆದ ಕೆರೆ ಅದು.
ಆಮೇಲೆ ಟ್ರ್ಯಾಕ್ಟರುಗಳು ಬಂದವು.
ಕೆಡವಿದ ಮನೆಗಳ ಇಟ್ಟಿಗೆ, ಮಾರ್ಕೆಟ್ಟಿನ ಕಸ, ಬೂದಿ,
ನನ್ನ ಅಂಗಡಿಯ ಗಾಜಿನ ಚೂರೂ ಎರಡು ಚೀಲ.
ಅದರ ಮೇಲೊಂದು ಪದರ ಕೆಮ್ಮಣ್ಣು,
ಅದರ ಮೇಲೆ ಸೈಟು ನಂಬರು,
ಅದರ ಮೇಲೆ ಗಣಹೋಮ.
ಕಾರು ನಿಲ್ಲಿಸಲು ಕೆಳಗೆ ಬರೀ ಕಂಬ ಬಿಟ್ಟು
ಮೇಲೆ ಆರು ಸಂಸಾರ.
ತುಂಬಿದ ಕೊಡ ಹೊತ್ತವಳು ಕುಸಿಯುವುದು
ಮೊಣಕಾಲಿನಲ್ಲಿ, ಅಂದರು ಮೇಡಂ.

ಬಿರುಕಿನ ಈ ದಡಕ್ಕೂ ಆ ದಡಕ್ಕೂ ಅಡ್ಡವಾಗಿ
ಪ್ಲಾಸ್ಟರಿನಲ್ಲಿ ಗಾಜು ಕೂರಿಸಿ
ಮಾರ್ಕರಿನಲ್ಲಿ ತಾರೀಖು ಬರೆದರು.
ಗೋಡೆ ಒಂದು ಕೂದಲೆಳೆ ಸರಿದರೂ ತಿಳಿಯುತ್ತದೆ.
ಗಾಜಿಗೆ ಬಗ್ಗಲು ಬರುವುದಿಲ್ಲ, ಅಷ್ಟೇ.

ಮೂರನೇ ದಿನ ಬೋರಲಿಂಗಣ್ಣ ಬಂದ, ಆರು ಸಂಸಾರದ ಮಾಲೀಕ.
ಅಳತೆ ದಾರದಲ್ಲಿ ಗಂಟು ಹಾಕಿಕೊಂಡು ತಂದಿದ್ದ.
ಬಾಡಿಗೆಯವರು ಆ ಪಟ್ಟಿ ನೋಡಿ
ಅಡ್ವಾನ್ಸು ವಾಪಸ್ ಕೇಳ್ತಾವ್ರೆ ಕಣಯ್ಯ,
ಇಷ್ಟಗಲದ್ದೊಂದು ಫೋಟೊ ಕೊಡು.
ಯಾವ ದೇವರು?
ಯಾವುದಾದರೂ. ಅಗಲ ಮುಖ್ಯ.

ಕೊಟ್ಟೆ. ನಾನೂರ ಎಂಬತ್ತು.
ಮೇಡಂ ಕೊಟ್ಟದ್ದು ಇಪ್ಪತ್ತೆರಡು ತುಂಡಿಗೆ ನೂರಹತ್ತು.
ಆ ವಾರ ಅದೇ ಅಳತೆಯವು ಇನ್ನೂ ಏಳು ಹೋದವು.
ವ್ಯಾಪಾರ ಚೆನ್ನಾಗಿತ್ತು ಎಂದು
ಹೆಂಡತಿಗೆ ಹೇಳಿದೆ, ಏಕೆಂದು ಹೇಳಲಿಲ್ಲ.

ಮೇಡಂ ತಿಂಗಳಿಗೆ ಮತ್ತೆ ಹೋದರಂತೆ.
ಒಂದೊಂದು ದೇವರನ್ನೂ ಮೊಳೆಯಿಂದ ಇಳಿಸಿ,
ಚಪ್ಪಲಿ ಬಾಗಿಲ ಹೊರಗೆ ಬಿಟ್ಟು,
ಟಾರ್ಚು ಹಾಕಿ ನೋಡಿ,
ಮತ್ತೆ ಮೊಳೆಗೇ ಹಾಕಿದರಂತೆ.
ಎಷ್ಟು ಒಡೆದಿವೆ ಎಂದು ನಾನು ಕೇಳಲಿಲ್ಲ.
ಅಂಗಡಿಗೆ ಬಂದು
ಇನ್ನೊಂಬತ್ತು ತುಂಡು ಬೇಕು, ಅಂದರು.

ಹತ್ತು ಕತ್ತರಿಸಿದೆ.
ಹತ್ತನೆಯದು ಅಟ್ಟದ ಗೋಡೆಯಲ್ಲಿದೆ, ನನ್ನ ದಿಂಬಿನ ಎದುರು.
ಮೇಲೆ ಏನೂ ತೂಗುಹಾಕಿಲ್ಲ.
ಹಲ್ಲುಜ್ಜುವ ಮೊದಲು ಬೆರಳಾಡಿಸಿ ನೋಡುತ್ತೇನೆ.
ಇಡಿಯಾಗಿದೆ. ಇವತ್ತಿನ ತನಕ ಎಂದಷ್ಟೇ ಅದರ ಅರ್ಥ.

ರಾತ್ರಿ ಲಾರಿ ಹೋಗುತ್ತದೆ.
ಎದ್ದು ಕೂತು ರಸ್ತೆಯ ಕಡೆ ನೋಡುತ್ತೇನೆ,
ಲಾರಿಯೇ ಹೌದಾ ಎಂದು.