ಎಡಕ್ಕೆ ಕೆಂಪು

ಲೈಬ್ರರಿ ಕೊಟ್ಟ ನೀಲಿ ಯಾರದ್ದೂ ಅಲ್ಲ.
ಸಾವಿರ ಊರಿನ ಸಾವಿರ ಪರದೆಯ ಮೇಲೆ
ಅದೇ ಗುಂಡಿ, ಅದೇ ಉರುಟು ಮೂಲೆ,
ಬ್ಯಾಂಕಿಗೂ ಅದೇ, ಬಸ್ಸಿನ ಟಿಕೇಟಿಗೂ ಅದೇ.
"ಇದು ಆಸ್ಪತ್ರೆಯ ನೀಲಿ ಮಾರಾಯ್ತಿ," ಅಂದರು
ಏಲಂ ಬರೆಯುವ ಪದ್ಮಾಕ್ಷ ಕರ್ಕೇರ,
"ಮೀನಿಗೆ ಆಗುವುದಿಲ್ಲ."

ಹಾಗಾಗಿ ಬೆಳಿಗ್ಗೆ ನಾಲ್ಕೂವರೆಗೆ ದಕ್ಕೆಗೆ ಬಂದೆ,
ಲ್ಯಾಪ್‌ಟಾಪಿಗೆ ಪ್ಲಾಸ್ಟಿಕ್ ತೊಟ್ಟೆ ಸುತ್ತಿ.
ಐಸ್ ಪುಡಿಮಾಡುವ ಯಂತ್ರದ ಗರಗರ,
ಬಂಗುಡೆಯ ಬುಟ್ಟಿ ದಾಟಿ ದಾಟಿ
ದೋಣಿಗಳ ಮೈ ನೋಡುತ್ತ ನಡೆದೆ.
ನೀಲಿಯಲ್ಲಿ ಎಷ್ಟು ನೀಲಿ!
ಮೊನ್ನೆ ಬಳಿದದ್ದು, ಎರಡು ಮಳೆಗಾಲ ಕಂಡದ್ದು,
ಹಗ್ಗ ಉಜ್ಜಿ ಉಜ್ಜಿ ಒಳಗಿನ ಹಳದಿ ತೋರಿಸಿದ್ದು.
ಫೋಟೋ ತೆಗೆದು ಬೆರಳಿಟ್ಟಲ್ಲೆಲ್ಲ
ಆರು ಅಕ್ಷರದ ಒಂದೊಂದು ಸಂಖ್ಯೆ ಬಂತು.
ಒಂದೇ ಹಲಗೆಗೆ ಹನ್ನೊಂದು ಹೆಸರು.

ಪೈಂಟರ್ ಐವನ್ ನಕ್ಕ.
"ನಂಬರ್ ಎಲ್ಲ ಗೊತ್ತಿಲ್ಲ ಜೆಸಿಂತ ಬಾಯಿ.
ಒಂದು ಡಬ್ಬ ನೀಲಿಗೆ ಕಾಲು ಚಮಚ ಕಪ್ಪು,
ಬಿಸಿಲು ಜೋರಿದ್ದರೆ ಅದೂ ಬೇಡ."
ಬರೆದುಕೊಂಡೆ.

ಕಡತದ ಮೊದಲ ಸಾಲಿನಲ್ಲಿ
ಪ್ರೈಮರಿ, ಎರಡು ಚುಕ್ಕಿ, ಐವನನ ನೀಲಿ.
ಉಳಿಸಿದೆ. ಒಂದು ಕ್ಷಣ ಏನೂ ಇಲ್ಲ.
ಆಮೇಲೆ ಗುಂಡಿ, ಕೊಂಡಿ, ಸರಿ ಗುರುತು,
ತಿರುಗುವ ಆ ಸಣ್ಣ ಚಕ್ರ ಕೂಡ
ಬೂತಾಯಿ ಹಿಂಡು ಮೈ ತಿರುಗಿಸಿದ ಹಾಗೆ
ಒಟ್ಟಿಗೇ ಬಣ್ಣ ಬದಲಿಸಿದವು.
ಹಠ ಹಿಡಿದದ್ದು ದಿನಾಂಕದ ಪೆಟ್ಟಿಗೆ ಒಂದೇ;
ಅದರ ಹೊಟ್ಟೆಯೊಳಗೆ ಯಾರೋ ಪುಣ್ಯಾತ್ಮರು
ಹಳೆಯ ನೀಲಿಯನ್ನು ಕೈಯಾರೆ ಬರೆದಿಟ್ಟಿದ್ದರು.
ಹುಡುಕುವಷ್ಟರಲ್ಲಿ ಎರಡು ಚಾ ತಣಿಯಿತು.

ಇನ್ನು ಒಂದು ನೀಲಿಯಿಂದ ಹತ್ತು ಛಾಯೆ ಹುಟ್ಟಿಸಬೇಕು.
ಐವತ್ತು ಅಂದರೆ ಐಸ್ ಕರಗಿದ ನೀರು,
ಐನೂರು ದೋಣಿ,
ಒಂಬೈನೂರು ಅಳಿವೆಯಾಚೆ, ಬೆಳಕು ಬರುವ ಮೊದಲು.
ನಡುವಿನವನ್ನು ಅಂದಾಜಿನಲ್ಲಿ ತುಂಬಿಸಿದೆ.

ಮಿಕ್ಕಿದ್ದು ಸುಲಭ ಅಂದುಕೊಂಡೆ.
ಏಲಂ ನಡೆಯುತ್ತಿದ್ದರೆ ಹಸಿರು ಚುಕ್ಕೆ,
ಮುಗಿದರೆ ಕೆಂಪು. ಯಾರಿಗೆ ಗೊತ್ತಿಲ್ಲ ಅದು?

ತಂಡೇಲ ಶೀನ ಸಾಲ್ಯಾನರಿಗೆ ಫೋನು ಕೊಟ್ಟೆ.
ಮೂವತ್ತೊಂದು ವರ್ಷ ಚುಕ್ಕಾಣಿ ಹಿಡಿದ ಕೈ.
ಮುಗಿದ ಏಲಂ ಒತ್ತಿದರು. ಮತ್ತೊಮ್ಮೆ, ಮುಗಿದದ್ದನ್ನೇ.
"ಕೆಂಪು ಅಲ್ಲ, ಹಸಿರು, ಹಸಿರು ಒತ್ತಿ," ಅಂದೆ.
ಅವರು ಫೋನು ನೋಡಲಿಲ್ಲ,
ಸುತ್ತ ಯಾರಿದ್ದಾರೆ ಎಂದು ನೋಡಿದರು.

"ಎರಡೂ ಒಂದೇ ಅಲ್ವಾ," ಅಂದರು, ಮೆಲ್ಲ.
"ಮಣ್ಣಿನ ಹಾಗೆ ಎಂತದೋ."

ಮತ್ತೆ ದೋಣಿಯ ದೀಪ? ಕೇಳಿಯೇಬಿಟ್ಟೆ.
"ಎಡದಲ್ಲಿ ಉಂಟಲ್ಲ, ಅದಕ್ಕೆ ಅದು ಕೆಂಪು.
ಬಲದ್ದು ಹಸಿರು."
ಕತ್ತಲಲ್ಲಿ ಎದುರು ಬರುವ ದೋಣಿಯದ್ದು?
"ಅದಕ್ಕೆ ಹುಡುಗ ಇದ್ದಾನೆ, ಕೂಗುತ್ತಾನೆ.
ಯಾಕೆ ಕೂಗಿಸುತ್ತೇನೆ ಅಂತ ಅವನಿಗೂ ಗೊತ್ತಿಲ್ಲ.
ಪದ್ಮಾಕ್ಷನಿಗೆ ಹೇಳಬೇಡಿ, ಆಯ್ತಾ."

ಹೇಳಲಿಲ್ಲ.
ರಾತ್ರಿ ಕಂಕನಾಡಿಯ ಕೋಣೆಯಲ್ಲಿ ಕೂತು
ಮುಗಿದದ್ದರ ಮೇಲೆ ಅಡ್ಡಗೆರೆ ಎಳೆದೆ,
ಪರದೆಯ ಎಡಕ್ಕೆ ಸರಿಸಿದೆ.
ನಡೆಯುವುದನ್ನು ಬಲಕ್ಕೆ, ಚುಕ್ಕೆಯ ಬದಲು ಒಂದು ಮೀನು.
ಬಣ್ಣ ಇದ್ದಲ್ಲೇ ಇರಲಿ, ಕಾಣುವವರಿಗೆ.
ಬದಲಾವಣೆಯ ಟಿಪ್ಪಣಿಯಲ್ಲಿ ಬರೆದದ್ದು ಎರಡೇ ಪದ:
ಜಾಗ ಉಳಿಸಲು.

ಮರುದಿನ ಪದ್ಮಾಕ್ಷರು ಬಹಳ ಹೊತ್ತು ನೋಡಿದರು.
"ನೀಲಿ ಈಗ ನಮ್ಮದು. ಈ ಎಡ ಬಲ ಎಂತಕ್ಕೆ?"
ಒಳಗೆ ಬರುತ್ತಿದ್ದ ದೋಣಿಗೆ ಕೈ ತೋರಿಸಿದೆ.
"ಅದರ ದೀಪದ ಹಾಗೆ."
ಹೌದಲ್ಲ ಅಂದರು, ಬಂಗುಡೆಯ ರೇಟು ಬರೆಯಲು ಹೋದರು.

ನನಗೆ ಆಮೇಲೆ ಹೊಳೆಯಿತು:
ನಮ್ಮತ್ತ ಬರುವ ದೋಣಿಯ ಎಡ
ನಮಗೆ ಬಲ.
ಮೂತಿಯಲ್ಲಿ ನಿಂತ ಹುಡುಗ
ಎಂಜಿನ್ ಸದ್ದಿನ ಮೇಲೆ
ಏನೋ ಕೂಗುತ್ತಿದ್ದ.